ಎರಡು ಚುಕ್ಕಿ, ಒಂದು ಓರೆಗೆರೆ: ರೂಟರ್‌ನಿಂದ ಸಂಘದ ಸರ್ವರ್‌ವರೆಗೆ ಫೈಲ್ ಕದಿಯುವ ದಾರಿ

ರೂಟರ್, ಸಿಸಿಟಿವಿ ರೆಕಾರ್ಡರ್, ವಿಪಿಎನ್ ಪೆಟ್ಟಿಗೆ (ಹೊರಗಿನಿಂದ ಸಂಸ್ಥೆಯ ಒಳಜಾಲಕ್ಕೆ ಗುಪ್ತ ದಾರಿ ಕೊಡುವ ಯಂತ್ರ), ವೆಬ್ ಸರ್ವರ್. ಇವುಗಳ ತಯಾರಕರು ಹೊರಡಿಸುವ ಭದ್ರತಾ ಎಚ್ಚರಿಕೆಗಳಲ್ಲಿ ‘ಪಾತ್ ಟ್ರಾವರ್ಸಲ್’ ಎಂಬ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಹತ್ತು ವರ್ಷದ ಹಿಂದೆ ಇದು ಬೆಂಗಳೂರಿನ ಕಂಪನಿಗಳ ತಲೆನೋವು ಎಂದು ಬಿಡಬಹುದಿತ್ತು. ಈಗ ಮರದಿಂದ ಮರಕ್ಕೆ ಎಳೆದ ಫೈಬರ್ ಹೊಸನಗರ, ಸೊರಬದ ಒಂಟಿಮನೆಗಳಿಗೂ ಬಂದಿದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಇದೆ, ಹೋಂಸ್ಟೇಗೆ ಬುಕಿಂಗ್ ಪುಟ ಇದೆ, ಸಹಕಾರ ಸಂಘಕ್ಕೆ ದಿನದ ದರ ತೋರಿಸುವ ಜಾಲತಾಣ ಇದೆ. ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ಇರುವುದು, ಕೇಳಿದವರಿಗೆ ಫೈಲ್ ತೆಗೆದುಕೊಡುವ ಒಂದು ಕಂಪ್ಯೂಟರ್. ಆ ಕಂಪ್ಯೂಟರ್ ಕೊಡಬಾರದ ಫೈಲನ್ನೂ ಕೊಟ್ಟುಬಿಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ವಿಳಾಸ ಓದುವ ಕ್ರಮ

ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ವಿಳಾಸ ಇರುತ್ತದೆ. ಅದನ್ನು ಬರೆಯುವ ರೀತಿ ನಮ್ಮ ಕಂದಾಯ ವಿಭಾಗಗಳ ಹಾಗೆಯೇ: ದೊಡ್ಡದು ಮೊದಲು, ಸಣ್ಣದು ಆಮೇಲೆ, ನಡುವೆ ಓರೆಗೆರೆ.

/ಶಿವಮೊಗ್ಗ/ತೀರ್ಥಹಳ್ಳಿ/ಆಗುಂಬೆ

ಜಿಲ್ಲೆಯೊಳಗೆ ತಾಲೂಕು, ತಾಲೂಕಿನೊಳಗೆ ಹೋಬಳಿ. ಕಂಪ್ಯೂಟರಿನಲ್ಲಾದರೆ ಫೋಲ್ಡರಿನೊಳಗೆ ಫೋಲ್ಡರ್. ಎಲ್ಲಕ್ಕೂ ಮುಂಚೆ ಇರುವ ಓರೆಗೆರೆಗೆ ‘ರೂಟ್’ ಎನ್ನುತ್ತಾರೆ, ಅಂದರೆ ಬುಡ. ಈ ಬರವಣಿಗೆಯಲ್ಲಿ ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದಿಂದಲೂ ಒಂದು ವಿಶೇಷ ಹೆಸರು ಬಳಕೆಯಲ್ಲಿದೆ. ಎರಡು ಚುಕ್ಕಿ ಇಟ್ಟರೆ ‘ಒಂದು ಮಟ್ಟ ಹಿಂದಕ್ಕೆ ಹೋಗು’ ಎಂದರ್ಥ. ಇದು ದೋಷವಲ್ಲ, ದಿನವೂ ಬೇಕಾಗುವ ಅನುಕೂಲ. ಈಗ ಈ ವಿಳಾಸ ನೋಡಿ:

/ಶಿವಮೊಗ್ಗ/ತೀರ್ಥಹಳ್ಳಿ/ಆಗುಂಬೆ/../../ಸಾಗರ/ತಾಳಗುಪ್ಪ

ಆಗುಂಬೆಗೆ ಹೋಗಿ, ಒಂದು ಮಟ್ಟ ಹಿಂದಕ್ಕೆ ಬಂದರೆ ತೀರ್ಥಹಳ್ಳಿ. ಇನ್ನೊಂದು ಮಟ್ಟ ಬಂದರೆ ಶಿವಮೊಗ್ಗ. ಅಲ್ಲಿಂದ ಸಾಗರ, ಆಮೇಲೆ ತಾಳಗುಪ್ಪ. ಬರೆದದ್ದು ತೀರ್ಥಹಳ್ಳಿಯ ವಿಳಾಸದಂತೆ ಕಾಣುತ್ತದೆ, ತಲುಪುವುದು ತಾಳಗುಪ್ಪವನ್ನು. ‘ತೀರ್ಥಹಳ್ಳಿ ತಾಲೂಕಿಗೆ ಹೋಗುವವರನ್ನು ಮಾತ್ರ ಬಿಡು’ ಎಂಬ ಆಜ್ಞೆ ಪಡೆದ ಕಾವಲುಗಾರ ಚೀಟಿಯ ಮೊದಲೆರಡು ಹೆಸರು ಓದಿ ‘ಸರಿ, ಹೋಗಿ’ ಎಂದರೆ ಅವನು ಆಜ್ಞೆ ಮೀರಿದಂತಾಗಲಿಲ್ಲ, ಆದರೂ ಕಾವಲು ಮುರಿಯಿತು.

ಪಾತ್ ಟ್ರಾವರ್ಸಲ್ ಎಂದರೆ ಇದೇ. ‘ಡೈರೆಕ್ಟರಿ ಟ್ರಾವರ್ಸಲ್’ ಎಂದರೂ ಅದೇ. ತಂತ್ರಾಂಶ ದೌರ್ಬಲ್ಯಗಳ ಜಾಗತಿಕ ಪಟ್ಟಿಯಲ್ಲಿ ಇದರ ಗುರುತು ಸಿಡಬ್ಲ್ಯುಇ-22.

ಇನ್ನೊಂದು ಸಂಗತಿ ದಾಳಿಕೋರರ ಕೆಲಸವನ್ನು ಸುಲಭ ಮಾಡುತ್ತದೆ. ಬುಡ ತಲುಪಿದ ಮೇಲೂ ‘ಹಿಂದಕ್ಕೆ’ ಎಂದರೆ ವ್ಯವಸ್ಥೆ ದೂರುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಹಾಗಾಗಿ ಎಷ್ಟು ಮಟ್ಟ ಹಿಂದಕ್ಕೆ ಬರಬೇಕು ಎಂದು ಎಣಿಸುವ ಅಗತ್ಯವೇ ಇಲ್ಲ. ಹತ್ತು ಸಲ ../ ಬರೆದರೆ ಹೇಗೂ ಬುಡಕ್ಕೆ ಬಂದಿರುತ್ತಾರೆ.

ತಪ್ಪು ಹುಟ್ಟುವ ಜಾಗ

ಒಂದು ಸಹಕಾರ ಸಂಘದ ತಾಣ ಎಂದು ಊಹಿಸಿಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಗುಂಡಿಗಳಿವೆ. ರಾಶಿಯ ಮೇಲೆ ಒತ್ತಿದರೆ ಬ್ರೌಸರ್ ಸರ್ವರಿಗೆ ‘ಫೈಲ್=ರಾಶಿ.ಪಿಡಿಎಫ್’ ಎಂದು ಬರೆದು ಕಳಿಸುತ್ತದೆ. ಸರ್ವರಿನಲ್ಲಿರುವ ಪ್ರೋಗ್ರಾಂ ಆ ಹೆಸರನ್ನು ತನ್ನ ಫೋಲ್ಡರಿನ ಹೆಸರಿಗೆ ಅಂಟಿಸುತ್ತದೆ: /ಸಂಘ/ದರ/ ಜೊತೆಗೆ ರಾಶಿ.ಪಿಡಿಎಫ್. ಆ ಫೈಲ್ ತೆರೆದು ಕಳಿಸುತ್ತದೆ.

ಗುಂಡಿ ನಾಲ್ಕೇ ಇರುವುದರಿಂದ ಬರುವ ಹೆಸರೂ ನಾಲ್ಕೇ ಎಂದು ತಾಣ ಕಟ್ಟಿದವರು ನಂಬಿರುತ್ತಾರೆ. ಆದರೆ ಸರ್ವರಿಗೆ ಗುಂಡಿ ಕಾಣುವುದಿಲ್ಲ, ಅದಕ್ಕೆ ಬರುವುದು ಬರೀ ಅಕ್ಷರಗಳ ಸಾಲು. ಯಾರಾದರೂ ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಫೈಲ್=../ಸದಸ್ಯರು/ಖಾತೆ.ಪಿಡಿಎಫ್’ ಎಂದು ಕೈಯಾರೆ ಬರೆದರೆ, ಅಂಟಿಸಿದ ವಿಳಾಸ /ಸಂಘ/ದರ/../ಸದಸ್ಯರು/ಖಾತೆ.ಪಿಡಿಎಫ್ ಆಗುತ್ತದೆ. ಕಾರ್ಯಾಚರಣ ವ್ಯವಸ್ಥೆ ಅದನ್ನು /ಸಂಘ/ಸದಸ್ಯರು/ಖಾತೆ.ಪಿಡಿಎಫ್ ಎಂದು ಓದಿ ಕೊಟ್ಟುಬಿಡುತ್ತದೆ. ಪಾಸ್‌ವರ್ಡ್ ಒಡೆದದ್ದಿಲ್ಲ, ವೈರಸ್ ಕಳಿಸಿದ್ದಿಲ್ಲ. ಹೊರಗಿನವರು ಬರೆದ ಹೆಸರನ್ನು ಸರ್ವರ್ ದಾರಿಯೆಂದು ಓದಿತು, ಅಷ್ಟೇ.

ಚುಕ್ಕಿಗೆ ವೇಷ ಹಾಕಿದಾಗ

ಹಾಗಾದರೆ ../ ಕಂಡಲ್ಲೆಲ್ಲ ಅಳಿಸಿಬಿಟ್ಟರಾಯಿತಲ್ಲ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಇದು ಸೋಲುವ ಬಗೆಗಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ದೊಡ್ಡ ದೊಡ್ಡ ತಂತ್ರಾಂಶಗಳು ಎಡವಿದ್ದು ಇಲ್ಲಿಯೇ.

ಒಂದು: ....// ಎಂದು ಬರೆದು ಕಳಿಸುತ್ತಾರೆ. ಅದರ ನಡುವೆ ಅಡಗಿರುವ ../ ಅನ್ನು ಒಮ್ಮೆ ಅಳಿಸಿದರೆ ಉಳಿದ ತುದಿಗಳು ಕೂಡಿ ಮತ್ತೆ ../ ಆಗುತ್ತದೆ. ಅಳಿಸುವ ಕೆಲಸವೇ ಅಪಾಯವನ್ನು ತಯಾರಿಸಿದಂತಾಯಿತು.

ಎರಡು: ವೆಬ್ ವಿಳಾಸಗಳಲ್ಲಿ ಯಾವ ಅಕ್ಷರವನ್ನಾದರೂ ಶೇಕಡಾ ಗುರುತು ಮತ್ತು ಎರಡು ಸಂಕೇತಗಳಿಂದ ಬರೆಯಬಹುದು. ಚುಕ್ಕಿಗೆ %2ಇ, ಓರೆಗೆರೆಗೆ %2ಎಫ್ (ಇ, ಎಫ್ ಎಂದರೆ ಇಂಗ್ಲಿಷ್ ಅಕ್ಷರಗಳು). ಕಾವಲುಗಾರ ಈ ವೇಷವನ್ನು ಗುರುತಿಸದಿದ್ದರೆ ಬಿಡುತ್ತಾನೆ, ಒಳಗಿನವನು ವೇಷ ಬಿಚ್ಚಿ ../ ಎಂದು ಓದುತ್ತಾನೆ. ಶೇಕಡಾ ಗುರುತಿಗೂ ಸಂಕೇತ ಉಂಟು, ಅದು %25. ಹಾಗಾಗಿ %252ಎಫ್ ಎಂದು ಬರೆದರೆ ವೇಷದ ಮೇಲೊಂದು ವೇಷ. ಒಮ್ಮೆ ಬಿಚ್ಚಿದರೆ %2ಎಫ್, ಇನ್ನೊಮ್ಮೆ ಬಿಚ್ಚಿದರೆ ಓರೆಗೆರೆ. ಕಾವಲು ಮೊದಲ ಬಿಚ್ಚುವಿಕೆಯ ನಂತರ ನಡೆದು, ಒಳಗೆ ಎರಡನೇ ಸಲ ಬಿಚ್ಚಿದರೆ ಕಾವಲು ವ್ಯರ್ಥ.

ಅಪಾಚೆ ವೆಬ್ ಸರ್ವರಿಗೆ 2021ರಲ್ಲಿ ಆದದ್ದು ಹೀಗೆಯೇ. ಅದರ 2.4.49ನೇ ಆವೃತ್ತಿಯಲ್ಲಿ ವಿಳಾಸ ಸರಿಪಡಿಸುವ ಭಾಗವನ್ನು ಬದಲಿಸಿದ್ದರು. ಮೊದಲ ಚುಕ್ಕಿಯನ್ನು ಹಾಗೆಯೇ ಇಟ್ಟು ಎರಡನೆಯದನ್ನು ಮಾತ್ರ %2ಇ ಎಂದು ಬರೆದರೆ ಹೊಸ ಕಾವಲು ಅದನ್ನು ಗುರುತಿಸುತ್ತಿರಲಿಲ್ಲ. ಅಕ್ಟೋಬರ್ 4ರಂದು 2.4.50 ಬಂತು. ಆದರೆ ಆ ತಿದ್ದುಪಡಿ ಎರಡು ಪದರದ ವೇಷವನ್ನು ಹಿಡಿಯಲಿಲ್ಲ. ಮೂರೇ ದಿನದಲ್ಲಿ, ಅಕ್ಟೋಬರ್ 7ರಂದು, 2.4.51 ಹೊರಡಿಸಬೇಕಾಯಿತು. ಜಗತ್ತಿನ ಅತ್ಯಂತ ಅನುಭವಿ ಸರ್ವರ್ ತಂಡವೊಂದಕ್ಕೇ ಇದು ಎರಡು ಸುತ್ತಿನ ಕೆಲಸವಾಯಿತು. ಬುಡದ ಫೋಲ್ಡರಿಗೆ ‘ಎಲ್ಲರಿಗೂ ನಿರಾಕರಿಸು’ ಎಂಬ ಸೆಟ್ಟಿಂಗ್ ಇಟ್ಟುಕೊಂಡಿದ್ದವರ ಫೈಲುಗಳು ಮಾತ್ರ ಆ ದಿನಗಳಲ್ಲೂ ಉಳಿದವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದು ಹೊಸ ರೋಗವೂ ಅಲ್ಲ. 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರಿನಲ್ಲಿ, ಓರೆಗೆರೆಯನ್ನು ಯುನಿಕೋಡಿನ ನಿಯಮ ಮೀರಿದ ಎರಡು ಬೈಟ್‌ಗಳಲ್ಲಿ ಬರೆದರೆ ಕಾವಲು ದಾಟುತ್ತಿತ್ತು. ತಿದ್ದುಪಡಿ ಬಂದು ಸುಮಾರು ಒಂದು ವರ್ಷದ ನಂತರ, 2001ರ ಸೆಪ್ಟೆಂಬರಿನಲ್ಲಿ, ಹಬ್ಬಿದ ನಿಮ್ಡಾ ಹುಳು ಬಳಸಿದ ದಾರಿಗಳಲ್ಲಿ ಇದೂ ಒಂದು.

ಮೂರು: ಇಬ್ಬರು ಓದುಗರ ಭಿನ್ನಾಭಿಪ್ರಾಯ. ದೊಡ್ಡ ವ್ಯವಸ್ಥೆಗಳಲ್ಲಿ ಹೊರಬಾಗಿಲಿಗೆ ಒಂದು ಸರ್ವರ್, ಒಳಗೆ ಇನ್ನೊಂದು. ಒಳಗಿನ ಟಾಮ್‌ಕ್ಯಾಟ್ ತರಹದ ಸರ್ವರ್ ಅರ್ಧವಿರಾಮದ ನಂತರದ ಅಕ್ಷರಗಳನ್ನು ಬಿಟ್ಟು ಓದುತ್ತದೆ, ಹೊರಗಿನದು ಬಿಡುವುದಿಲ್ಲ. ಹಾಗಾಗಿ ..;/ ಎಂಬುದು ಹೊರಗಿನವನಿಗೆ ಒಂದು ವಿಚಿತ್ರ ಹೆಸರು, ಒಳಗಿನವನಿಗೆ ‘ಹಿಂದಕ್ಕೆ ಹೋಗು’. 2020ರ ಜುಲೈಯಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಯಂತ್ರಗಳ ನಿರ್ವಹಣಾ ಪುಟಕ್ಕೆ ನುಗ್ಗಿದ್ದು ಈ ನಾಲ್ಕು ಗುರುತುಗಳಿಂದ.

ಓದಿದ ಮಾತ್ರಕ್ಕೆ ಏನಾಗುತ್ತದೆ?

‘ನಮ್ಮ ರೂಟರಿನಲ್ಲಿ ಕದಿಯುವಂಥದ್ದು ಏನಿದೆ’ ಎಂದು ಕೇಳುವವರಿದ್ದಾರೆ. ಅದರಲ್ಲಿ ಅದರ ಕೀಲಿಯೇ ಇದೆ.

ಸಣ್ಣ ಊರುಗಳ ಇಂಟರ್ನೆಟ್ ಆಪರೇಟರುಗಳು, ಕೇಬಲ್‌ನವರು ಬಹಳವಾಗಿ ಬಳಸುವ ಮೈಕ್ರೋಟಿಕ್ ರೂಟರುಗಳನ್ನೇ ತೆಗೆದುಕೊಳ್ಳಿ. ಅವನ್ನು ದೂರದಿಂದ ನಿರ್ವಹಿಸಲು ವಿನ್‌ಬಾಕ್ಸ್ ಎಂಬ ಸಾಧನ ಇದೆ, 8291ನೇ ಪೋರ್ಟಿನಲ್ಲಿ. 2018ರಲ್ಲಿ ಅದರಲ್ಲಿ ಕಂಡ ದೋಷದಿಂದ (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಇದರ ಸಂಖ್ಯೆ ಸಿವಿಇ-2018-14847) ಲಾಗಿನ್ ಇಲ್ಲದೆಯೇ ಯಾವ ಫೈಲನ್ನಾದರೂ ಓದಬಹುದಿತ್ತು. ಬಳಕೆದಾರರ ಪಟ್ಟಿಯ ಫೈಲೂ ಸಿಗುತ್ತಿತ್ತು, ಅದರಲ್ಲಿ ಪಾಸ್‌ವರ್ಡುಗಳು ಸುಲಭವಾಗಿ ಬಿಡಿಸಬಹುದಾದ ರೀತಿಯಲ್ಲಿ ಕೂತಿದ್ದವು. ಓದಿದವರು ಅದೇ ಪಾಸ್‌ವರ್ಡಿನಿಂದ ಸರಿಯಾದ ಬಾಗಿಲಲ್ಲೇ ಒಳಗೆ ಬಂದರು. ಕಂಪನಿ ಏಪ್ರಿಲ್‌ನಲ್ಲೇ ತಿದ್ದುಪಡಿ ಕೊಟ್ಟಿತ್ತು. ಹಾಕಿಕೊಳ್ಳದ ಲಕ್ಷಕ್ಕೂ ಹೆಚ್ಚು ರೂಟರುಗಳು ಆ ವರ್ಷ ಬ್ರೆಜಿಲ್ ಮೊದಲಾದ ಕಡೆ, ಗ್ರಾಹಕರು ನೋಡುವ ಪುಟಗಳೊಳಗೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಕೋಡ್ ಸೇರಿಸುವ ಕೆಲಸಕ್ಕೆ ಬಳಕೆಯಾದವು.

ಇದಕ್ಕಿಂತ ದೀರ್ಘಕಾಲ ಕಾಡಿದ್ದು ಫೋರ್ಟಿನೆಟ್ ಕಂಪನಿಯ ವಿಪಿಎನ್ ದೋಷ, ಸಿವಿಇ-2018-13379. ಲಾಗಿನ್ ಆದವರ ಹೆಸರು, ಪಾಸ್‌ವರ್ಡು ಗೂಢಲಿಪಿಯಿಲ್ಲದ ಸಾದಾ ಅಕ್ಷರಗಳಲ್ಲೇ ಇರುವ ಸೆಷನ್ ಫೈಲ್ ಹೊರಗಿನವರ ಕೈಗೆ ಸಿಗುತ್ತಿತ್ತು. ತಿದ್ದುಪಡಿ ಬಂದದ್ದು 2019ರ ಮೇಯಲ್ಲಿ. 2021ರ ಸೆಪ್ಟೆಂಬರಿನಲ್ಲಿ ಸುಮಾರು 87,000 ಯಂತ್ರಗಳ ಲಾಗಿನ್ ವಿವರಗಳು ಜಾಲದಲ್ಲಿ ಬಹಿರಂಗವಾದವು. ತಂತ್ರಾಂಶವನ್ನು ನಂತರ ನವೀಕರಿಸಿದ್ದರೂ ಪಾಸ್‌ವರ್ಡ್ ಬದಲಿಸದಿದ್ದರೆ ಅಪಾಯ ಹಾಗೆಯೇ ಇದೆ ಎಂದು ಕಂಪನಿಯೇ ಎಚ್ಚರಿಸಿತು. ಪಾತ್ ಟ್ರಾವರ್ಸಲ್ ವಿಷಯದಲ್ಲಿ ಜನ ಅತಿ ಹೆಚ್ಚು ಮರೆಯುವುದು ಇದನ್ನೇ. ನವೀಕರಣ ದಾರಿ ಮುಚ್ಚುತ್ತದೆ, ಆದರೆ ಆಗಲೇ ಓದಿಕೊಂಡು ಹೋದದ್ದನ್ನು ವಾಪಸ್ ತರುವುದಿಲ್ಲ. ಹಾಗಾಗಿ ಮೊದಲು ನವೀಕರಣ, ಆ ಮೇಲೆ ಆ ಯಂತ್ರದಲ್ಲಿದ್ದ ಪ್ರತಿ ಪಾಸ್‌ವರ್ಡೂ ಹೊಸದು. ಅನುಕ್ರಮ ತಪ್ಪಿದರೆ ಹೊಸ ಪಾಸ್‌ವರ್ಡನ್ನೂ ಓದಿಕೊಂಡು ಹೋಗುತ್ತಾರೆ.

ಮನೆಯ ರೂಟರುಗಳಲ್ಲಿ ಇನ್ನೊಂದು ಬಗೆ ಇದೆ. ಲಾಗಿನ್ ಪುಟದಲ್ಲಿ ಕಂಪನಿಯ ಲಾಂಛನ ಕಾಣಬೇಕಾದರೆ ಚಿತ್ರಗಳ ಫೋಲ್ಡರಿಗೆ ಪಾಸ್‌ವರ್ಡ್ ಕೇಳುವಂತಿಲ್ಲ. ತೈವಾನಿನ ಆರ್ಕೇಡಿಯನ್ ಕಂಪನಿಯ ತಂತ್ರಾಂಶದಲ್ಲಿ, ಚಿತ್ರಗಳ ಫೋಲ್ಡರಿನಿಂದ ಆರಂಭವಾಗುವ ವಿಳಾಸವೆಲ್ಲ ಲಾಗಿನ್ ಇಲ್ಲದೆ ಬಿಡತಕ್ಕದ್ದು ಎಂಬ ನಿಯಮ ಇತ್ತು. ಚಿತ್ರಗಳ ಫೋಲ್ಡರ್, ಆಮೇಲೆ ..%2ಎಫ್, ಆಮೇಲೆ ಸೆಟ್ಟಿಂಗ್ ಪುಟದ ಹೆಸರು ಬರೆದರೆ ಸೆಟ್ಟಿಂಗ್ ಪುಟವೇ ತೆರೆಯುತ್ತಿತ್ತು. ನಮ್ಮ ತೀರ್ಥಹಳ್ಳಿ ಕಾವಲುಗಾರನದೇ ತಪ್ಪು. ಹತ್ತಾರು ಬೇರೆ ಬೇರೆ ಬ್ರ್ಯಾಂಡುಗಳು ಅದೇ ತಂತ್ರಾಂಶವನ್ನು ಬಳಸಿದ್ದರಿಂದ ಎಲ್ಲವೂ ಒಟ್ಟಿಗೆ ಸಿಕ್ಕಿಬಿದ್ದವು. 2021ರ ಆಗಸ್ಟ್ ಆರಂಭದಲ್ಲಿ ವಿವರ ಪ್ರಕಟವಾದ ಎರಡೇ ದಿನದಲ್ಲಿ ದಾಳಿಗಳು ಶುರುವಾದವು.

ಬಿಚ್ಚಿದ ಗಂಟಿನೊಳಗಿನ ದಾರಿ

ಇದುವರೆಗಿನದು ಓದುವ ಕಥೆ. ಬರೆಯುವುದೂ ಉಂಟು. ಜಿಪ್ ಫೈಲಿನೊಳಗೆ ಪ್ರತಿ ಫೈಲಿನ ಹೆಸರೂ ಇರುತ್ತದೆ. ಆ ಹೆಸರಿನಲ್ಲೇ ../ ಸೇರಿಸಿಟ್ಟರೆ, ಬಿಚ್ಚುವ ತಂತ್ರಾಂಶ ಪರೀಕ್ಷಿಸದಿದ್ದಲ್ಲಿ, ಫೈಲ್ ನೀವು ಹೇಳಿದ ಫೋಲ್ಡರ್ ಬಿಟ್ಟು ಬೇರೆಲ್ಲೋ ಹೋಗಿ ಕೂರುತ್ತದೆ. 2018ರಲ್ಲಿ ‘ಜಿಪ್ ಸ್ಲಿಪ್’ ಎಂಬ ಹೆಸರಿನಲ್ಲಿ ಇದು ಬೆಳಕಿಗೆ ಬಂತು.

ಡಿಟಿಪಿ ಅಂಗಡಿ, ಸೈಬರ್ ಸೆಂಟರುಗಳಲ್ಲಿ ಕಾಣುವ ವಿನ್‌ರಾರ್ ಎಂಬ ಗಂಟು ಬಿಚ್ಚುವ ತಂತ್ರಾಂಶಕ್ಕೆ ಇದು ಒಂದಕ್ಕಿಂತ ಹೆಚ್ಚು ಸಲ ತಗುಲಿದೆ. 2019ರಲ್ಲಿ ಕಂಡದ್ದು ಎಸಿಇ ಮಾದರಿಯ ಗಂಟು ಬಿಚ್ಚುವ ಹಳೆಯ ಭಾಗದಲ್ಲಿ. 2025ರಲ್ಲಿ ಕಂಡ ಇನ್ನೊಂದನ್ನು 7.13ನೇ ಆವೃತ್ತಿಯಲ್ಲಿ ಸರಿಪಡಿಸಿದ್ದಾರೆ. ಈ ಎರಡರಲ್ಲೂ ದಾಳಿಕೋರರು ಫೈಲನ್ನು ವಿಂಡೋಸ್‌ನ ಸ್ಟಾರ್ಟಪ್ ಫೋಲ್ಡರಿಗೆ ಬೀಳಿಸುತ್ತಿದ್ದರು, ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಅದು ತಾನಾಗಿ ಓಡುತ್ತಿತ್ತು. ವಿನ್‌ರಾರ್ ತಾನೇ ನವೀಕರಣಗೊಳ್ಳುವುದಿಲ್ಲ. ಸಹಾಯ ಮೆನುವಿನಲ್ಲಿ ಆವೃತ್ತಿ ಸಂಖ್ಯೆ ನೋಡಿ, 7.13ಕ್ಕಿಂತ ಹಳೆಯದಾದರೆ ಹೊಸದನ್ನು ಕೈಯಾರೆ ಹಾಕಬೇಕು.

ಮನೆಯಲ್ಲಿ, ಅಂಗಳದಲ್ಲಿ ಮಾಡಬೇಕಾದ್ದು

ಮಲೆನಾಡಿನ ಒಂದು ವಿಶೇಷ ಸಮಸ್ಯೆಯಿಂದ ಆರಂಭಿಸೋಣ: ಸಿಡಿಲು. ಮುಂಗಾರಿನ ಮೊದಲ ಮಳೆಗೆ ರೂಟರ್ ಸುಟ್ಟರೆ, ಅಟ್ಟದ ಮೇಲಿಟ್ಟ ಹಳೆಯದನ್ನು ಇಳಿಸಿ ಜೋಡಿಸುವುದು ಎಲ್ಲರ ಮನೆಯಲ್ಲೂ ಉಂಟು. ಆ ಹಳೆಯದರಲ್ಲಿ ಹಳೆಯ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ), ಹಳೆಯ ದೋಷಗಳು ಹಾಗೆಯೇ ಇರುತ್ತವೆ. ಜೋಡಿಸಿದ ದಿನವೇ ಫರ್ಮ್‌ವೇರ್ ನವೀಕರಿಸಿ. ಕಂಪನಿ ಆ ಮಾದರಿಗೆ ನವೀಕರಣ ನಿಲ್ಲಿಸಿದ್ದರೆ ಅದನ್ನು ಬಳಸದಿರುವುದೇ ಸರಿ. ಕರೆಂಟ್ ಏರುಪೇರಿನ ನಂತರ ರೀಸೆಟ್ ಒತ್ತಿದ್ದರೆ ಪಾಸ್‌ವರ್ಡೂ ಸೆಟ್ಟಿಂಗುಗಳೂ ಕಾರ್ಖಾನೆಯ ಸ್ಥಿತಿಗೆ ಮರಳಿರುತ್ತವೆ, ಅವನ್ನೂ ಮತ್ತೆ ನೋಡಬೇಕು.

ಎರಡನೆಯದು ರೂಟರಿನ ನಿರ್ವಹಣಾ ಪುಟ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಒತ್ತಿದರೆ ಸಾಮಾನ್ಯವಾಗಿ ಅದು ತೆರೆಯುತ್ತದೆ. ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಥವಾ ‘ವ್ಯಾನ್ ಆ್ಯಕ್ಸೆಸ್’ ಎಂಬುದು ಆಫ್ ಇರಲಿ. ಆಗ ಮುಂದೆ ಯಾವ ದೋಷ ಸಿಕ್ಕರೂ ಹೊರಗಿನವರು ಆ ಪುಟದವರೆಗೆ ಬರುವುದೇ ಕಷ್ಟ. ಆಪರೇಟರೇ ಕೊಟ್ಟ ಪೆಟ್ಟಿಗೆಯಾದರೆ ಈ ಎರಡು ಕೆಲಸ ಆಗಿದೆಯೇ ಎಂದು ಅವರನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ.

ಮೂರನೆಯದು ಅಡಿಕೆ ಅಂಗಳದ ಕ್ಯಾಮೆರಾ. ಕೊಯ್ಲಿನ ಕಾಲದಲ್ಲಿ ಕಳ್ಳರ ಕಾಟಕ್ಕೆಂದು ಹಾಕಿಸುವ ಅಗ್ಗದ ಡಿವಿಆರ್‌ (ಕ್ಯಾಮೆರಾ ರೆಕಾರ್ಡರ್) ಗಳೊಳಗೆ ಬಹುಪಾಲು ಕೆಲವೇ ತಯಾರಕರ ತಂತ್ರಾಂಶ ಇರುತ್ತದೆ. ಅಂಥದೊಂದು, ಕ್ಸಿಯಾಂಗ್‌ಮೈನ ಯುಸಿ-ಎಚ್‌ಟಿಟಿಪಿಡಿ, 2017ರಲ್ಲೇ ಇದೇ ದೋಷಕ್ಕೆ ಸಿಕ್ಕಿಬಿದ್ದಿತ್ತು. ದೂರದಿಂದ ನೋಡಲೆಂದು ಅಳವಡಿಸಿದವರು ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ (ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವ ವ್ಯವಸ್ಥೆ) ಮಾಡಿಟ್ಟಿದ್ದರೆ ಡಿವಿಆರ್ ನೇರವಾಗಿ ಇಡೀ ಜಗತ್ತಿಗೆ ತೆರೆದಿರುತ್ತದೆ. ಅದನ್ನು ತೆಗೆಸಿ, ಒಳಗಿನ ಯಂತ್ರಗಳು ಕೇಳದೆಯೇ ಇಂಥ ಬಾಗಿಲು ತೆರೆಯಲು ಬಿಡುವ, ರೂಟರಿನ ಯುಪಿಎನ್‌ಪಿ ಸೆಟ್ಟಿಂಗನ್ನೂ ಆಫ್ ಮಾಡಿ. ಹೊರಗಿನಿಂದ ನೋಡುವುದು ಬೇಕೇ ಬೇಕಾದರೆ ತಯಾರಕರ ಆ್ಯಪ್ ಅಥವಾ ವಿಪಿಎನ್ ಮೂಲಕ ನೋಡುವುದು ಮೇಲು.

ತೆರೆದಿದೆಯೋ ಇಲ್ಲವೋ ತಿಳಿಯುವುದು ಹೀಗೆ: ವೈಫೈನಲ್ಲಿ ಇದ್ದಾಗ ‘ನನ್ನ ಐಪಿ ಯಾವುದು’ ಎಂದು ಹುಡುಕಿ ಬಂದ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಬ್ರೌಸರಿಗೆ ಆ ಸಂಖ್ಯೆ ಹಾಕಿ. ಲಾಗಿನ್ ಪುಟ ಬಂದರೆ ಬಾಗಿಲು ತೆರೆದಿದೆ. ಬರದಿದ್ದರೂ ಪೂರ್ತಿ ನಿಶ್ಚಿಂತೆ ಬೇಡ, ಬೇರೆ ಪೋರ್ಟಿನಲ್ಲಿ ತೆರೆದಿರಬಹುದು. ರೂಟರಿನ ಸ್ಥಿತಿ ಪುಟದಲ್ಲಿ ತೋರುವ ಐಪಿ 100.64ರಿಂದ 100.127ರ ಒಳಗೆ ಆರಂಭವಾದರೆ ಆಪರೇಟರ್ ಒಂದೇ ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ಹೊರಜಗತ್ತಿನಿಂದ ಒಂದಿಷ್ಟು ಮರೆ ಸಿಗುತ್ತದೆ. ಆದರೆ ಅದೇ ಆಪರೇಟರಿನ ಇನ್ನೊಂದು ಮನೆಯ ಸೋಂಕಿತ ಯಂತ್ರದಿಂದ ಮರೆ ಸಿಗಬೇಕೆಂದಿಲ್ಲ.

ಪ್ರಯೋಗ ನಿಮ್ಮ ಯಂತ್ರದ ಮೇಲೆ ಮಾತ್ರ. ಬೇರೆಯವರ ತಾಣಕ್ಕೆ ../ ಹಾಕಿ ‘ನೋಡೋಣ’ ಎನ್ನುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಅಪರಾಧವಾಗಬಹುದು. ಅದಕ್ಕೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತಾಣ ಕಟ್ಟುವವರಿಗೆ

ಸಂಘಕ್ಕೋ ಹೋಂಸ್ಟೇಗೋ ತಾಣ ಮಾಡಿಕೊಡುವ ಯುವಕರು ಊರೂರಲ್ಲಿ ಇದ್ದಾರೆ. ಈ ಭಾಗ ಅವರಿಗೆ.

ಎಲ್ಲಕ್ಕಿಂತ ಒಳ್ಳೆಯದು ಹೊರಗಿನವರಿಂದ ಫೈಲಿನ ಹೆಸರನ್ನೇ ತೆಗೆದುಕೊಳ್ಳದಿರುವುದು. 1 ಎಂದರೆ ರಾಶಿ, 2 ಎಂದರೆ ಬೆಟ್ಟೆ ಎಂದು ಪಟ್ಟಿ ಒಳಗಿರಲಿ, ಹೊರಗಿನಿಂದ ಅಂಕಿ ಮಾತ್ರ ಬರಲಿ. ಪಟ್ಟಿಯಲ್ಲಿ ಇಲ್ಲದ ಅಂಕಿಗೆ ಫೈಲೇ ಇಲ್ಲ.

ಹೆಸರು ತೆಗೆದುಕೊಳ್ಳಲೇಬೇಕಾದರೆ ಕ್ರಮ ಮುಖ್ಯ. ಸಂಕೇತ ಬಿಚ್ಚುವುದು ಒಂದೇ ಸಲ. ಆಮೇಲೆ ಫೋಲ್ಡರಿಗೆ ಅಂಟಿಸುವುದು. ಆಮೇಲೆ ಪಿಎಚ್‌ಪಿ ಅಥವಾ ಪೈಥಾನಿನ ‘ರಿಯಲ್‌ಪಾತ್’ನಿಂದ ಚುಕ್ಕಿ, ಅಡ್ಡದಾರಿ ಕೊಂಡಿಗಳೆಲ್ಲ ಕರಗಿದ ನಿಜವಾದ ವಿಳಾಸ ಪಡೆಯುವುದು. ಪರೀಕ್ಷೆ ಆ ನಿಜ ವಿಳಾಸದ ಮೇಲೆ, ತೆರೆಯುವುದೂ ಅದನ್ನೇ. ತೀರ್ಥಹಳ್ಳಿಯ ಕಾವಲುಗಾರ ಚೀಟಿ ನೋಡುವ ಬದಲು ಬಸ್ಸು ನಿಂತ ಊರು ಯಾವುದೆಂದು ನೋಡಿದಂತೆ.

ಪರೀಕ್ಷೆಯಲ್ಲೂ ಎಡವುವ ಜಾಗವೊಂದಿದೆ. ‘ವಿಳಾಸ /ಸಂಘ/ದರ ಎಂದು ಆರಂಭವಾಗುತ್ತದೆಯೇ’ ಎಂದು ನೋಡಿದರೆ /ಸಂಘ/ದರಖಾಸ್ತು ಫೋಲ್ಡರೂ ತೇರ್ಗಡೆಯಾಗುತ್ತದೆ, ಅದೂ ‘ದರ’ದಿಂದಲೇ ಆರಂಭವಾಗುತ್ತದಲ್ಲ. ಕೊನೆಯ ಓರೆಗೆರೆ ಸೇರಿಸಿ /ಸಂಘ/ದರ/ ಎಂದು ಹೋಲಿಸಬೇಕು. ಎಂಜಿನ್‌ಎಕ್ಸ್ ಸರ್ವರಿನ ‘ಅಲಿಯಾಸ್’ ಸೆಟ್ಟಿಂಗಿನಲ್ಲಿ ಎಡಗಡೆಯ ದಾರಿಗೆ ಕೊನೆಯ ಓರೆಗೆರೆ ಬಿಟ್ಟು, ಬಲಗಡೆಗೆ ಹಾಕಿದರೂ ಇಂಥದೇ ಬಿರುಕು ಬೀಳುತ್ತದೆ. ಪೈಥಾನಿನಲ್ಲಿ ದಾರಿ ಜೋಡಿಸುವ ‘ಜಾಯಿನ್’ಗೆ ಓರೆಗೆರೆಯಿಂದ ಆರಂಭವಾಗುವ ಹೆಸರು ಕೊಟ್ಟರೆ ಅದು ನಿಮ್ಮ ಫೋಲ್ಡರನ್ನೇ ಕೈಬಿಟ್ಟು ಹೊಸ ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಲ್ಲಿ ಚುಕ್ಕಿಯೂ ಬೇಕಾಗಿಲ್ಲ. ವಿಂಡೋಸ್ ಸರ್ವರಿನಲ್ಲಿ ಹಿಂದುಮುಂದಾದ ಓರೆಗೆರೆಯೂ ದಾರಿಯೇ.

ಕೊನೆಯದು, ಅಪಾಚೆಯ ಪ್ರಸಂಗದಲ್ಲಿ ಕೆಲವರನ್ನು ಉಳಿಸಿದ ‘ಎಲ್ಲರಿಗೂ ನಿರಾಕರಿಸು’ ಸೆಟ್ಟಿಂಗಿನ ತತ್ವವೇ: ತಾಣ ಓಡಿಸುವ ಬಳಕೆದಾರನಿಗೆ ಬೇಕಾದ ಫೋಲ್ಡರ್ ಬಿಟ್ಟು ಉಳಿದದ್ದನ್ನು ಓದುವ ಅಧಿಕಾರವೇ ಇರಬಾರದು. ಸದಸ್ಯರ ಖಾತೆಗಳನ್ನು ವೆಬ್ ಸರ್ವರಿನಲ್ಲಿ ಇಡದಿದ್ದರೆ ಇನ್ನೂ ಒಳ್ಳೆಯದು.

ಲಾಗ್ ಓದುವುದು

ಬಂದ ಕೋರಿಕೆಗಳನ್ನೆಲ್ಲ ಸರ್ವರ್ ಬರೆದಿಡುವ ದಾಖಲೆಯೇ ಲಾಗ್. ಅದರಲ್ಲಿ ‘..’, %2ಇ, %2ಎಫ್, %5ಸಿ (ಹಿಂದುಮುಂದಾದ ಓರೆಗೆರೆಯ ಸಂಕೇತ) ಹುಡುಕಿ. ಖಂಡಿತ ಸಿಗುತ್ತವೆ, ತೆರೆದ ಜಾಲದಲ್ಲಿರುವ ಪ್ರತಿ ಸರ್ವರನ್ನೂ ಯಂತ್ರಗಳು ಹಗಲಿರುಳು ತಟ್ಟುತ್ತಿರುತ್ತವೆ. ಲಿನಕ್ಸಿನ ಬಳಕೆದಾರರ ಪಟ್ಟಿಯ ಫೈಲನ್ನೇ ಹೆಚ್ಚಾಗಿ ಕೇಳಿರುತ್ತಾರೆ. ಅದರಲ್ಲಿ ಇಂದು ಪಾಸ್‌ವರ್ಡ್ ಇರುವುದಿಲ್ಲ, ಆದರೆ ಎಲ್ಲ ಲಿನಕ್ಸ್ ಯಂತ್ರದಲ್ಲೂ ಇರುವ, ಯಾರು ಬೇಕಾದರೂ ಓದಬಹುದಾದ ಫೈಲ್ ಅದು, ಹಾಗಾಗಿ ಬಾಗಿಲು ತೆರೆದಿದೆಯೇ ಎಂದು ನೋಡಲು ಅನುಕೂಲ. ಸಾಲಿನ ಮುಂದಿನ ಉತ್ತರ ಸಂಖ್ಯೆ ನೋಡಿ. 400, 403, 404 ಇದ್ದರೆ ತಟ್ಟಿದವರು ಬರಿಗೈಯಲ್ಲಿ ಹೋಗಿದ್ದಾರೆ. 200 ಇದ್ದರೆ ಪಕ್ಕದಲ್ಲಿರುವ ಬೈಟ್‌ಗಳ ಸಂಖ್ಯೆ ನೋಡಿ. ಅದು ನಿಮ್ಮ ಮುಖಪುಟದ ಗಾತ್ರವೇ ಆಗಿದ್ದರೆ ಸರ್ವರ್ ಮುಖಪುಟ ಕಳಿಸಿ ಸಾಗಹಾಕಿದೆ. ಕೇಳಿದ ಫೈಲಿನ ಗಾತ್ರಕ್ಕೆ ಹೊಂದಿದರೆ ಫೈಲ್ ಹೋಗಿದೆ. ಪೋಸ್ಟ್ ಮಾದರಿಯ ಕೋರಿಕೆಯ ಒಳಗಿನ ಬರಹ ಸಾಮಾನ್ಯ ಲಾಗಿನಲ್ಲಿ ದಾಖಲಾಗುವುದಿಲ್ಲ, ಆದ್ದರಿಂದ ಲಾಗ್ ಶುಭ್ರವಾಗಿದ್ದ ಮಾತ್ರಕ್ಕೆ ಏನೂ ಆಗಿಲ್ಲ ಎಂದು ಹೇಳಲಾಗದು.

ಫೈಲ್ ಹೋಗಿರುವುದು ಖಚಿತವಾದರೆ ಮೊದಲು ಲಾಗಿನ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಸರ್ವರನ್ನು ಜಾಲದಿಂದ ಬಿಡಿಸಿ, ತಿದ್ದುಪಡಿ ಹಾಕಿ, ಆಮೇಲೆ ಡೇಟಾಬೇಸ್ ಪಾಸ್‌ವರ್ಡ್, ಗೂಢಲಿಪಿ ಕೀಲಿ, ಸೆಷನ್‌ಗಳನ್ನೆಲ್ಲ ಬೇರೊಂದು ಸ್ವಚ್ಛ ಕಂಪ್ಯೂಟರಿನಿಂದ ಬದಲಿಸಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಇಟ್ಟಿರಬೇಕು. ಸರ್ಟ್-ಇನ್‌ನ ಶುಲ್ಕರಹಿತ ಸಂಖ್ಯೆ 1800-11-4949. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಲು ಹೋಗುವಾಗ ಆ ಡಿಸ್ಕನ್ನೂ ಜೊತೆಗೆ ಒಯ್ಯಿರಿ.